ಕೊನೆಯಿಂದ ಓದೋಣ

ಅಕ್ಕಂದಿರೇ, ಈ ವಿಳಾಸ ಓದಿರಿ.

ಕುಂಬಾರ ಓಣಿ,
ಸಿರುಗುಪ್ಪ,
ಬಳ್ಳಾರಿ ಜಿಲ್ಲೆ,
ಕರ್ನಾಟಕ.

ಕಾಗದ ದಿಲ್ಲಿಯಿಂದ ಬರಬೇಕು. ದಿಲ್ಲಿಯ ಅಂಚೆಯವರಿಗೆ ಕುಂಬಾರ ಓಣಿ ಗೊತ್ತಿಲ್ಲ. ಅವರು ಕೊನೆಯ ಸಾಲು ನೋಡುತ್ತಾರೆ. ಕಾಗದ ಕರ್ನಾಟಕಕ್ಕೆ ಬರುತ್ತದೆ. ಆಮೇಲೆ ಬಳ್ಳಾರಿ. ಆಮೇಲೆ ಸಿರುಗುಪ್ಪ. ಓಣಿ ಹುಡುಕೋದು ಸಿರುಗುಪ್ಪದ ಪೋಸ್ಟ್‌ಮ್ಯಾನ್ ಕೆಲಸ.

ಇಂಟರ್‌ನೆಟ್ಟಿನ ವಿಳಾಸವೂ ಹೀಗೇ ಐತಿ. ನೋಡ್ರಿ:

ಸೇವಾಸಿಂಧು.ಕರ್ನಾಟಕ.ಗವ್.ಇನ್

ನಡುವೆ ಚುಕ್ಕಿಗಳಿವೆ. ಚುಕ್ಕಿಗಳು ಹೆಸರನ್ನು ಭಾಗ ಮಾಡುತ್ತವೆ. ಕೊನೆಯಿಂದ ಓದೋಣ.

ಇನ್ ಅಂದರೆ ಇಂಡಿಯಾ, ನಮ್ಮ ದೇಶ.
ಗವ್ ಅಂದರೆ ಸರ್ಕಾರ.
ಕರ್ನಾಟಕ ಅಂದರೆ ನಮ್ಮ ರಾಜ್ಯ.
ಸೇವಾಸಿಂಧು ಅಂದರೆ ಅರ್ಜಿ ಹಾಕುವ ಜಾಗ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ತಗೊಂಡಿದ್ದು ಸೇವಾಸಿಂಧು ಮೂಲಕವೇ.

ಕೊನೆಯ ಭಾಗವೇ ಎಲ್ಲಕ್ಕಿಂತ ದೊಡ್ಡದು. ಒಂದೊಂದು ದೇಶಕ್ಕೆ ಎರಡು ಇಂಗ್ಲಿಷ್ ಅಕ್ಷರದ ಕೊನೆ ಇದೆ. ನಮ್ಮದು ಐ, ಎನ್. ಇದು 1989ರಿಂದ ಇದೆ. ನೇಪಾಳದ್ದು ಎನ್, ಪಿ. ಕನ್ನಡ ಅಕ್ಷರದಲ್ಲೇ ಬರೆಯುವ ‘ಭಾರತ’ ಎಂಬ ಕೊನೆಯೂ ನಮಗೆ ಐತಿ. ದೇಶದ ಹೆಸರಿಲ್ಲದ ಕೊನೆಗಳೂ ಇವೆ: ಕಾಮ್, ಆರ್ಗ್. ಇಡೀ ಜಗತ್ತಿನ ಕೊನೆಗಳ ಪಟ್ಟಿಯನ್ನು ಐಕ್ಯಾನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ನಮ್ಮ ‘ಇನ್’ ನೋಡಿಕೊಳ್ಳುವ ಸಂಸ್ಥೆ ನಿಕ್ಸಿ. ಅದು ದಿಲ್ಲಿಯಲ್ಲಿದೆ.

ಇದೆಲ್ಲ ನಮಗ್ಯಾಕ ಬೇಕು?

ದುಡ್ಡು ಕೊಟ್ಟರೆ ಕಾಮ್ ಯಾರಿಗಾದರೂ ಸಿಗುತ್ತದೆ. ಬರೀ ಇನ್ ಕೂಡ ಸಿಗುತ್ತದೆ. ಆದರೆ ಗವ್.ಇನ್ ಸರ್ಕಾರಕ್ಕೆ ಮಾತ್ರ. ಬ್ಯಾಂಕುಗಳಿಗೂ ಬೇರೆ ಕೊನೆ ಇದೆ: ಬ್ಯಾಂಕ್.ಇನ್. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ಈ ಹೆಸರಿಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು.

ಕಳ್ಳರು ನಮ್ಮ ಮೊಬೈಲಿಗೆ ಹೀಗೆ ಕಳಿಸಬಹುದು:

ಕರ್ನಾಟಕ.ಗವ್.ಇನ್.ಹಣಬಂತು.ಕಾಮ್

ಗವ್.ಇನ್ ಇದೆಯಲ್ಲ ಎಂದು ನಂಬಬ್ಯಾಡ್ರಿ. ಅದು ನಡುವೆ ಇದೆ. ಕೊನೆ ಏನು? ಕಾಮ್. ಸಿರುಗುಪ್ಪ ಎಂದು ಬರೆದು ಕೊನೆಗೆ ಬಿಹಾರ ಎಂದರೆ ಕಾಗದ ಎಲ್ಲಿಗೆ ಹೋದೀತು? ಇದೂ ಹಾಗೇ. ಒತ್ತಿದರೆ ಕಳ್ಳರ ಮನೆಗೆ ಹೋಗತೈತಿ.

ಕೊನೆ ಹುಡುಕೋದು ಹೇಗೆ?

ಮೊದಲಿಗೆ ಎರಡು ಓರೆ ಗೀಟು ಇದ್ದರೆ ಅದನ್ನು ದಾಟಿರಿ. ಮುಂದೆ ಒಂದು ಓರೆ ಗೀಟು ಬಂದರೆ ಅಲ್ಲೇ ನಿಲ್ಲಿರಿ. ಹೆಸರು ಅಲ್ಲಿಗೆ ಮುಗಿಯಿತು. ಅದರ ಹಿಂದಿನ ಅಕ್ಷರ ನೋಡಿರಿ. ಚುಕ್ಕಿ, ಜಿ, ಓ, ವಿ, ಚುಕ್ಕಿ, ಐ, ಎನ್ ಇದ್ದರೆ ಸರ್ಕಾರದ್ದು. ಓದಲು ಆಗದಿದ್ದರೆ ಒತ್ತಬ್ಯಾಡ್ರಿ. ಮಗಳನ್ನೋ ಸಂಘದ ಅಕ್ಕನನ್ನೋ ಕೇಳಿರಿ. ಓಟಿಪಿ ಮಾತ್ರ ಯಾರಿಗೂ ಹೇಳಬಾರದು. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿರಿ.

ಅಕ್ಷರ ಕಲಿತೆವು. ನಮ್ಮ ದುಡ್ಡನ್ನು ಅಕ್ಷರದಿಂದಲೇ ಕಾಯೋಣ.

ಅಭ್ಯಾಸ

1. ಮುಂಬಯಿಯಿಂದ ಕುರುಗೋಡಿಗೆ ಕಾಗದ ಬರಬೇಕು. ವಿಳಾಸದ ಕೊನೆಯ ಸಾಲು ಯಾವುದು? ಬರೆಯಿರಿ.
2. ಬಿಟ್ಟ ಪದ ತುಂಬಿರಿ: ಸರ್ಕಾರದ ಹೆಸರಿನ ಕೊನೆ ಗವ್.______
3. ಇವುಗಳಲ್ಲಿ ಸರ್ಕಾರದ್ದು ಯಾವುದು? ಗೆರೆ ಎಳೆಯಿರಿ.
ಕರ್ನಾಟಕ.ಗವ್.ಇನ್
ಕರ್ನಾಟಕ.ಗವ್.ಸಾಲಕೊಡುವೆ.ಇನ್