ಮುದ್ರೆ ಇಲ್ಲದ ಟಪಾಲು

ತಮ್ಮಾ, ತಂಗೀ,

ಮೂವತ್ತಕ್ಕೂ ಹೆಚ್ಚು ವರ್ಷ ಆಳಂದ ತಾಲ್ಲೂಕಿನ ಹಳ್ಳಿಗಳಲ್ಲಿ ಸೈಕಲ್ ತುಳಿದು ಟಪಾಲು ಹಂಚಿದ ಮುತ್ಯಾ ನಾನು. ನಿಮಗೆ ಬುದ್ಧಿ ಹೇಳುವ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ.

2020ರ ಅಕ್ಟೋಬರ್. ನಾನು ನಿವೃತ್ತನಾಗಿ ಅಫಜಲಪುರ ಕಡೆಯ ನಮ್ಮೂರಿಗೆ ಬಂದಿದ್ದೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರು, ಮೇಲಿನ ಮಳೆನೀರು ಎರಡೂ ಕೂಡಿ ಭೀಮಾ ದಂಡೆ ಮೀರಿ ಕಬ್ಬು, ತೊಗರಿ ನುಂಗಿತ್ತು. ಊರಿನಲ್ಲಿ ಎರಡು ದಿನದಿಂದ ಕರೆಂಟ್ ಇಲ್ಲ. ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚಿ ಚಾರ್ಜ್ ಮಾಡಿಕೊಂಡಿದ್ದ ಮೊಬೈಲಿಗೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: ‘ಸೊನ್ನ ಬ್ಯಾರೇಜ್ ಒಡೆದಿದೆ. ಎರಡು ತಾಸಿನಲ್ಲಿ ನೀರು ಬರುತ್ತದೆ. ನಿಮ್ಮವರಿಗೆಲ್ಲ ಕಳುಹಿಸಿ.’

ಮಗಳನ್ನು ಜೇವರ್ಗಿ ತಾಲ್ಲೂಕಿಗೆ ಕೊಟ್ಟಿದ್ದೇವೆ. ಅವಳ ಮನೆ ಹೊಳೆಗೆ ಹತ್ತಿರ. ಹಿಂದೆಮುಂದೆ ನೋಡಲಿಲ್ಲ, ಕಳುಹಿಸಿಬಿಟ್ಟೆ.

ಬೀಗರು ಆ ಕತ್ತಲಲ್ಲೇ ದನ ಬಿಚ್ಚಿಕೊಂಡು ಹೊರಟರು. ಕರಿಮಣ್ಣಿನ ಹೊಲ, ಮೊಣಕಾಲು ಹೂಳುವ ಕೆಸರು. ಒಡ್ಡು ಇಳಿಯುವಾಗ ಒಂದು ಎತ್ತು ಜಾರಿ ಮುಂಗಾಲು ಮುರಿದುಕೊಂಡಿತು. ಬೆಳಗಾದಾಗ ಬ್ಯಾರೇಜು ಇದ್ದಲ್ಲೇ ಇತ್ತು. ಬೀಗರು ನನಗೆ ಒಂದು ಮಾತೂ ಅನ್ನಲಿಲ್ಲ. ಆ ವರ್ಷ ಜೋಳದ ಬಿತ್ತಿಗೆಗೆ ಬಾಡಿಗೆ ಎತ್ತು ತಂದರು, ಅಷ್ಟೇ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನನಗೆ ಹೆಚ್ಚು ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಮುದ್ರೆ ನೋಡದೆ ಒಂದು ಕಾಗದವನ್ನೂ ಚೀಲಕ್ಕೆ ಹಾಕಿದವನಲ್ಲ ನಾನು. ಯಾವ ಊರಿನ ಅಂಚೆ, ಯಾವ ತಾರೀಖು, ಎರಡೂ ಆ ದುಂಡನೆಯ ಕಪ್ಪು ಗುರುತಿನಲ್ಲಿ ಇರುತ್ತಿದ್ದವು. ಅಂಥವನು ಮುದ್ರೆಯೇ ಇಲ್ಲದ ಟಪಾಲನ್ನು ಮಗಳ ಮನೆಗೆ ಮುಟ್ಟಿಸಿದ್ದೆ.

ಹೆದರಿದ ಮನಸ್ಸು ಓದುವುದಿಲ್ಲ, ಮಕ್ಕಳೇ. ತಂತಿ ಬರುತ್ತಿದ್ದ ಕಾಲದಲ್ಲಿ ನಾನು ಬಾಗಿಲಿಗೆ ಹೋದರೆ ಸಾಕು, ಒಡೆಯುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ಒಮ್ಮೆ ಒಬ್ಬ ತಾಯಿ ಅತ್ತು ಅತ್ತು ಕುಸಿದ ಮೇಲೆ ಓದಿ ಹೇಳಿದೆ: ಮಗನಿಗೆ ನೌಕರಿ ಸಿಕ್ಕಿತ್ತು. ಆಕೆ ದಡ್ಡಿಯಲ್ಲ, ದೂರದಲ್ಲಿದ್ದ ಮಗನ ಮೇಲೆ ಜೀವ ಇಟ್ಟುಕೊಂಡಿದ್ದಳು. ಗಾಳಿಸುದ್ದಿ ನಮ್ಮೊಳಗೆ ಹೊಗುವುದೂ ಅದೇ ಬಾಗಿಲಿನಿಂದ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಬಡಿಯುವ ಮುಂಚೆ, ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲು ಮಣ್ಣಿನ ಗೋಡೆಗಳ ಕೆಳಗೆ ಸುಮಾರು ಹತ್ತು ಸಾವಿರ ಜನ ಸತ್ತರು. ನಡುಕ ನಮ್ಮ ಆಳಂದಕ್ಕೂ ಮುಟ್ಟಿತ್ತು. ಆಮೇಲೆ ಎಷ್ಟೋ ರಾತ್ರಿ ಜನ ಅಂಗಳದಲ್ಲಿ, ಹೊಲದಲ್ಲಿ ಮಲಗಿದರು. ‘ಇವತ್ತು ನಡುರಾತ್ರಿ ಎರಡಕ್ಕೆ ಮತ್ತ ನಡಗ್ತದಂತ’ ಎನ್ನುವ ಮಾತು ಊರೂರು ಸುತ್ತುತ್ತಿತ್ತು. ದೊಡ್ಡ ಭೂಕಂಪದ ಬೆನ್ನಿಗೆ ಸಣ್ಣ ನಡುಕಗಳು ಬರುವುದು ನಿಜ. ಆದರೆ ಇಂಥ ದಿನ, ಇಂಥ ತಾಸಿಗೆ ಎಂದು ಹೇಳಬಲ್ಲ ವಿಜ್ಞಾನ ಅಂದೂ ಇರಲಿಲ್ಲ, ಇಂದೂ ಇಲ್ಲ. ಗಳಿಗೆ ಗೊತ್ತುಮಾಡಿ ಹೇಳಿದ ಭೂಕಂಪದ ಸುದ್ದಿ ಸುಳ್ಳೇ ಎಂದು ಗಂಟು ಹಾಕಿಟ್ಟುಕೊಳ್ಳಿ.

ಆಗಿನ ಸುಳ್ಳು ಬಸ್ಸಿನಲ್ಲಿ ಬರುತ್ತಿತ್ತು. ಗಡಿಯಾಚೆಯ ಉಮರ್ಗಾದಿಂದ ಹೊರಟದ್ದು ಆಳಂದ ಸೇರುವಷ್ಟರಲ್ಲಿ ಇನ್ನೊಂದು ಬಸ್ಸಿನಲ್ಲಿ ಬಂದವರು ‘ಹಂಗೇನಿಲ್ಲ’ ಎನ್ನುತ್ತಿದ್ದರು. ಈಗ ಆ ನಡುವಿನ ಹೊತ್ತು ಇಲ್ಲವಾಗಿದೆ. 2018ರ ಜುಲೈನಲ್ಲಿ ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿ ಕಡೆ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರವೂರಿನ ಯುವಕರನ್ನು ಮಕ್ಕಳ ಕಳ್ಳರೆಂದರು. ಅವರ ಕಾರಿಗಿಂತ ಮುಂದೆ ವಾಟ್ಸ್ಆ್ಯಪ್ ಓಡಿತು. ಒಬ್ಬನನ್ನು ಜನ ಹೊಡೆದೇ ಕೊಂದರು. ಅದೇ ತಿಂಗಳು ವಾಟ್ಸ್ಆ್ಯಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಎಂದು ಮಿತಿ ಹಾಕಿತು. ಆದರೂ ಐದು ಮನೆಯಿಂದ ಐದೈದು ಮನೆಗೆ ಹೋದರೆ ಊರು ಸುಡಲು ಎಷ್ಟು ಹೊತ್ತು?

ಹಾಗಾದರೆ ಮುದ್ರೆ ಹುಡುಕುವುದು ಹೇಗೆ? ಮೊದಲು ನಿಮ್ಮ ಹೊಳೆಯನ್ನು ತಿಳಿದುಕೊಳ್ಳಿ. ಆಳಂದದ ಕೋರಳ್ಳಿ ಹತ್ತಿರದ ಅಣೆಕಟ್ಟೆ ಇಳಿದು ಬರುವ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಸೊನ್ನ, ಘತ್ತರಗಿ, ಗಾಣಗಾಪುರ ದಾಟಿ ಜೇವರ್ಗಿ ಕಡೆ ಹರಿಯುತ್ತಾಳೆ. ನೀರಿಗೆ ದಾರಿಯಿದೆ, ಹೊತ್ತಿದೆ. ಮೇಲಿನ ಊರು ದಾಟದೆ ಕೆಳಗಿನ ಊರಿಗೆ ಹಾರಿ ಬರಲಾರದು. ಬ್ಯಾರೇಜಿನ ಲೆಕ್ಕವನ್ನು ನಾನು ಎತ್ತಿನ ಕಾಲು ಮುರಿದ ಮೇಲೆ ಕಲಿತೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ ಸುಮಾರು ಎಂಟೂವರೆ ಟಿಎಂಸಿ. ಸೊನ್ನ ಬ್ಯಾರೇಜಿನ ಹೊಟ್ಟೆ ಮೂರು ಟಿಎಂಸಿಗಿಂತ ಚೂರು ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಹೊರಟ ನೀರು ಮೂರು ಲಕ್ಷ ಕ್ಯೂಸೆಕ್ ದಾಟಿತ್ತು. ಅಂದರೆ ಬ್ಯಾರೇಜು ಹಿಡಿಯುವಷ್ಟು ನೀರು ಮೂರೇ ತಾಸಿನಲ್ಲಿ ಹರಿದುಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಗೇಟುಗಳನ್ನೆಲ್ಲ ಮೊದಲೇ ಎತ್ತಿರುತ್ತಾರೆ. ಹಾಗಾಗಿ ಕೇಳಬೇಕಾದದ್ದು ‘ಒಡೆಯಿತೇ’ ಎಂದಲ್ಲ, ‘ಮೇಲಿಂದ ಈಗ ಎಷ್ಟು ಬಿಟ್ಟಾರೆ’ ಎಂದು.

ವಿಡಿಯೊ ಬಂದರೆ ನೀರು ನೋಡಬೇಡಿ, ನೀರಿನ ಹಿಂದೆ ನೋಡಿ. ‘ಅಫಜಲಪುರದಲ್ಲಿ ಮನೆ ಕೊಚ್ಚಿಹೋಯಿತು’ ಎಂದು ಒಬ್ಬ ಹುಡುಗ ತೋರಿಸಿದ. ಮನೆಗೆ ಕೆಂಪು ಹೆಂಚು, ಹಿತ್ತಲಲ್ಲಿ ಅಡಿಕೆ ಮರದ ಸಾಲು. ನಮ್ಮಲ್ಲಿ ಮಾಳಿಗೆಗೆ ಫರ್ಸಿ, ಹೊಲಕ್ಕೆ ತೊಗರಿ. ಭೀಮಾ ದಂಡೆಗೆ ಅಡಿಕೆ ತೋಟ ಯಾವಾಗ ಬಂತು, ತಮ್ಮಾ? ಅಂಗಡಿ ಬೋರ್ಡಿನ ಅಕ್ಷರ, ಗಾಡಿಯ ನಂಬರು, ಜನರ ಮಾತಿನ ಧಾಟಿ ಎಲ್ಲವೂ ಸಾಕ್ಷಿ ಹೇಳುತ್ತವೆ.

ನಿಜವಾದ ಸುದ್ದಿಯೂ ಹಳಸುತ್ತದೆ. ಕಾಳಜಿ ಕೇಂದ್ರದಲ್ಲಿ ಕೂಸಿಗೆ ಹಾಲು ಬೇಕು ಎಂಬ ಮೆಸೇಜ್ ನಿಜವೇ ಇರಬಹುದು. ಹಾಲು ಮುಟ್ಟಿ ಮೂರು ದಿನವಾದರೂ ಅದು ಸುತ್ತುತ್ತಲೇ ಇದ್ದರೆ ಇನ್ನೊಂದು ಕೂಸಿನ ಹಾಲು ದಾರಿ ತಪ್ಪುತ್ತದೆ. ‘ಬೆಳೆ ಪರಿಹಾರಕ್ಕೆ ಇವತ್ತೇ ಕೊನೆ, ಈ ಲಿಂಕ್ ಒತ್ತಿ’ ಎನ್ನುವವನು ಮಾತ್ರ ನೆರೆ ಇಳಿಯುವುದನ್ನೇ ಕಾಯುವ ಕಳ್ಳ. ತಲಾಠಿಯನ್ನು ಕೇಳದೆ ಬೆರಳು ಇಡಬೇಡಿ.

ಬಾಯಿ ಮುಚ್ಚಿಕೊಂಡಿರಿ ಎಂದು ನಾನು ಹೇಳುತ್ತಿಲ್ಲ. ಹೊಳೆ ಏರುವಾಗ ಸುಮ್ಮನಿರುವುದೂ ಪಾಪವೇ. ಹಿಂದೆ ಡಂಗುರ ಸಾರುವವನು ಯಾರೆಂದು ಊರಿಗೆಲ್ಲ ಗೊತ್ತಿತ್ತು; ತಪ್ಪು ಸಾರಿದರೆ ಮರುದಿನ ಅವನನ್ನೇ ಹಿಡಿದು ಕೇಳುತ್ತಿದ್ದರು. ನೀವೂ ಹಾಗೆ ಸಾರಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಕಂಡದ್ದು ಎಂಬ ಮೂರನ್ನೂ ಬರೆದು ಕೆಳಗೆ ನಿಮ್ಮ ಹೆಸರು ಹಾಕಿ. ಹೆಸರು ಹಾಕಲು ಕೈ ಹಿಂಜರಿದರೆ ಆ ಸುದ್ದಿ ಕಳುಹಿಸುವಂಥದ್ದಲ್ಲ. ಅನುಮಾನವಿದ್ದರೆ ಜಿಲ್ಲಾ ಸಹಾಯವಾಣಿ 1077ಕ್ಕೆ ಕೇಳಿ. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಗಾಬರಿ ಎಬ್ಬಿಸಿದವರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಇದೆ. ಆದರೆ ಕಾಯ್ದೆ ಹಿಡಿಯುವ ಮುಂಚೆ ನಿಮ್ಮ ಬೆರಳನ್ನು ನೀವೇ ಹಿಡಿಯಿರಿ.

2025ರ ಆ ನೆರೆಯಲ್ಲಿ ಕಟ್ಟಿಸಂಗಾವಿ ಸೇತುವೆಗೆ ನೀರು ಬಂದು ಕಲಬುರಗಿ–ಜೇವರ್ಗಿ ಹಾದಿ ಬಂದಾದಾಗ, ಮೊಮ್ಮಗ ರಾತ್ರಿ ಓಡಿಬಂದ. ‘ಮುತ್ಯಾ, ಬ್ಯಾರೇಜ್ ಒಡದದಂತ!’

‘ಯಾರು ನೋಡ್ಯಾರ?’ ಎಂದೆ.

ಅವನು ಮೊಬೈಲ್ ತಿರುಗಿಸಿ ಮುರುಗಿಸಿ ನೋಡಿದ. ಹೆಸರಿಲ್ಲ, ತಾರೀಖಿಲ್ಲ. ಅಳಿಸಿಹಾಕಿ, ಫೋನ್ ಹಚ್ಚಿ ವಿಚಾರಿಸಿ, ತಾನೇ ಅತ್ತೆಗೆ ಬರೆದ: ‘ರಾತ್ರಿ 10 ಗಂಟೆ. ನಮ್ಮೂರ ಸಾಲಿ ಕಟ್ಟೆಗೆ ನೀರು ಮುಟ್ಟಿಲ್ಲ, ನಾನೇ ನೋಡಿ ಬಂದೀನಿ. ಬ್ಯಾರೇಜ್ ಒಡೆದಿಲ್ಲ, ಕೇಳೀನಿ. ಬೆಳಿಗ್ಗೆ ಮತ್ತ ತಿಳಸ್ತೀನಿ.’ ಕೆಳಗೆ ಅವನ ಹೆಸರು.

ಸ್ವಲ್ಪ ಹೊತ್ತಿಗೆ ಮಗಳ ಉತ್ತರ ಬಂತು: ‘ಅಪ್ಪಗ ಹೇಳು, ಎತ್ತು ಕಟ್ಟಿದಲ್ಲೇ ಅವ. ಮಲಗು ಅನ್ನು.’