ಕೀಟನಾಶಕ: ಹೆಸರು ಹಿಡಿದು ಹೇಳಿ, ಅಳೆದು ಬೆರೆಸಿ

ನಮ್ಮ ಹಳ್ಳಿಗಳಲ್ಲಿ ಕೀಟನಾಶಕವನ್ನು ಅದರ ಸ್ವಂತ ಹೆಸರಿನಿಂದ ಕರೆಯುವವರು ಕಡಿಮೆ. ಕೆಲವು ಕಡೆ ಅದು 'ಔಷಧಿ', ಉತ್ತರ ಕರ್ನಾಟಕದ ಹಲವೆಡೆ 'ಎಣ್ಣೆ'. ಹೊಲಕ್ಕೂ ಎಣ್ಣೆ, ಒಗ್ಗರಣೆಗೂ ಎಣ್ಣೆ. ಹೇಳುವವರಿಗೆ ಇದರಲ್ಲಿ ಗೊಂದಲವಿಲ್ಲ. ಮನೆಯ ಮಗುವಿಗೆ, ಹೊಸದಾಗಿ ಬಂದ ಆಳಿಗೆ ಇದೆ.

2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಇದ್ದುದು ಪರೀಕ್ಷೆಯಿಂದ ತಿಳಿಯಿತು. ಎಣ್ಣೆ ಸರಿಯಿಲ್ಲವೆಂದು ಅಡುಗೆಯವರು ಮೊದಲೇ ಹೇಳಿದ್ದರೆಂದೂ ಆ ಮಾತಿಗೆ ಬೆಲೆ ಸಿಗಲಿಲ್ಲವೆಂದೂ ಆಗ ವರದಿಯಾಯಿತು.

ಅಸಡ್ಡೆ ಹೆಚ್ಚಾಗಿ ಕಾಣುವುದು ಹೊಸಬರಲ್ಲಲ್ಲ, ಹತ್ತಾರು ವರ್ಷ ಸಿಂಪಡಿಸಿ ಪಳಗಿದವರಲ್ಲಿ. "ಇಷ್ಟು ದಿನ ಏನೂ ಆಗಿಲ್ಲ" ಎನ್ನುತ್ತಾರೆ. ಆದರೆ ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕಿಣ್ವವನ್ನು ಕುಂದಿಸುತ್ತವೆ. ಅದು ಮತ್ತೆ ತುಂಬಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಆದ್ದರಿಂದ ಮೊದಲ ದಿನ ಏನೂ ಮಾಡದಷ್ಟು ಸೋಂಕೇ ನಾಲ್ಕನೆಯ ದಿನ ತಲೆಸುತ್ತು, ವಾಂತಿ ತರಬಹುದು.

ಬೆರೆಸುವಾಗ "ಎರಡು ಮುಚ್ಚಳ ಹಾಕು" ಎನ್ನುವ ರೂಢಿ ಬಿಡಬೇಕು. ಸೀಸೆ ಬದಲಾದರೆ ಮುಚ್ಚಳದ ಅಳತೆಯೂ ಬದಲಾಗುತ್ತದೆ. ಲೀಟರ್ ನೀರಿಗೆ 2 ಮಿ.ಲೀ. ಎಂದು ಶಿಫಾರಸಿದ್ದರೆ 16 ಲೀಟರ್ ಪಂಪಿಗೆ 32 ಮಿ.ಲೀ. ಎಂದೇ ಹೇಳಿ, ಅಳತೆಯ ಲೋಟ ಕೈಗೆ ಕೊಡಿ. ಕೇಳಿದವನು ಹೆಸರನ್ನೂ ಅಳತೆಯನ್ನೂ ತಿರುಗಿ ಹೇಳಲಿ. ಇದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಬೆರೆಸುವವರು ಒಬ್ಬರೇ ಇರಬೇಕು. ಅಣ್ಣ ಹಾಕಿ ಹೋದ ಪಂಪಿಗೆ ತಮ್ಮನೂ ಹಾಕುವ ಸಂಭವವಿದೆ.

ಡಬ್ಬಿಯ ಮೇಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ಹೆಚ್ಚು ವಿಷ. ನಂತರದವು ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯವೆಂದು ತಿಳಿದವರಿದ್ದಾರೆ. ಅದು ತಪ್ಪು.

ಸಿಂಪಡಿಸಿದ ಸುದ್ದಿ ಮರುದಿನ ಕಳೆ ಕೀಳಲು ಬರುವ ಹೆಂಗಸರಿಗೆ ಮುಟ್ಟುವುದೇ ಇಲ್ಲ. ಹಿಂದಿನ ಸಂಜೆಯೇ ಅವರ ಮನೆಗೆ ಹೇಳಿ ಕಳುಹಿಸಿ. ಹೊಲದ ಬದುವಿನಲ್ಲಿ ಕೋಲಿಗೆ ಬಟ್ಟೆ ಕಟ್ಟಿ ನಿಲ್ಲಿಸಿ.

ಯಾರಿಗಾದರೂ ವಿಷ ತಗುಲಿದರೆ ಬಟ್ಟೆ ಕಳಚಿ, ಸೋಪಿನಿಂದ ಮೈ ತೊಳೆದು, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಚೀಟಿ ಸಹಿತ ಡಬ್ಬಿಯನ್ನೂ ಒಯ್ಯಿರಿ. "ಎಣ್ಣೆ ತಗುಲಿದೆ" ಎಂದಷ್ಟೇ ಹೇಳಿದರೆ ವೈದ್ಯರಿಗೆ ಸಾಲದು. ವಿಷ ಯಾವುದೆಂಬುದರ ಮೇಲೆ ಚಿಕಿತ್ಸೆ ಬೇರೆಯಾಗುತ್ತದೆ.

ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ತಳಕ್ಕೆ ತೂತು ಕೊರೆಯಿರಿ.