ಶ್ರಾಪ್‌ಷೈರ್‌ಗೆ ಹೊರಟವಳಿಗೆ

ಪುಟ್ಟೀ, ಆಗಸ್ಟಿನಲ್ಲಿ ನಾಲ್ಕು ದಿನ ನಡೆಯಲು ಹೊರಟಿದ್ದೀಯಂತೆ, ಸಂತೋಷ. ಇಂಗ್ಲೆಂಡಿನಲ್ಲಿ ಎಲ್ಲರೂ ಮುಗಿಬೀಳುವ ಲೇಕ್ ಡಿಸ್ಟ್ರಿಕ್ಟ್ ಬಿಟ್ಟು ಶ್ರಾಪ್‌ಷೈರ್ ಆರಿಸಿಕೊಂಡೆಯಲ್ಲ, ಅದಕ್ಕೆ ಇನ್ನೂ ಸಂತೋಷ. ನಿಮ್ಮಕ್ಕನ ಬಾಣಂತನಕ್ಕೆಂದು ಟೆಲ್ಫರ್ಡಿನಲ್ಲಿ ಆರು ತಿಂಗಳಿದ್ದಾಗ, ಶನಿವಾರ ಬಂತೆಂದರೆ ಅಳಿಯಂದಿರ ಜೊತೆ ಅಲ್ಲೆಲ್ಲ ಅಲೆದಿದ್ದೇನೆ. ಆ ಸಲುಗೆಯಿಂದ ನಾಲ್ಕು ಮಾತು.

ಮೊದಲು ದಾರಿಯ ವಿಚಾರ. ಅಲ್ಲಿ ಕಾಲುದಾರಿ ಹಾದುಹೋಗುವುದು ಹೆಚ್ಚಾಗಿ ಯಾರದೋ ಜಮೀನಿನಲ್ಲಿ. ಹಳದಿ ಬಾಣವಿದ್ದರೆ ನಡೆಯುವವರಿಗೆ, ನೀಲಿಯಾದರೆ ಕುದುರೆಗೂ ಸೈಕಲ್ಲಿಗೂ ಸೇರಿ. ಭೂಮಿ ರೈತನದು, ದಾಟುವ ಹಕ್ಕು ಮಾತ್ರ ನಿನ್ನದು. ನಾನೊಮ್ಮೆ ಗೋಧಿ ಹೊಲದ ಅಂಚಿನಲ್ಲಿ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಬೆಳೆ ತುಳಿಯಬಾರದೆಂದು ನಮ್ಮ ಮನೆಯಲ್ಲಿ ಕಲಿಸಿದ್ದು ಕಾಲಲ್ಲೇ ಇದೆಯಲ್ಲ! ಟ್ರ್ಯಾಕ್ಟರ್ ನಿಲ್ಲಿಸಿದ ರೈತ, ದಾರಿ ಇರುವುದು ನಡುಮಧ್ಯೆ, ಅಲ್ಲೇ ಹೋಗಿ ಎಂದ. ನೋಡಿದರೆ ಪೈರಿನ ನಡುವೆ ಬೈತಲೆ ತೆಗೆದ ಹಾಗೆ ಮೀಟರ್ ಅಗಲದ ಹಾದಿ. ಉತ್ತು ಬಿತ್ತಿದರೂ ಅದನ್ನು ಮತ್ತೆ ಬಿಡಿಸಿಕೊಡುವುದು ಅವನ ಮೇಲಿರುವ ಕಾನೂನಿನ ಹೊರೆ. ಮರ್ಯಾದೆಗೆಂದು ನಾನು ಹಿಡಿದಿದ್ದ ಅಂಚಿನಲ್ಲೇ ನನಗೆ ಹಕ್ಕಿರಲಿಲ್ಲ!

ಬೇಲಿಗಳಿಗೆ ಮರದ ಮೆಟ್ಟಿಲಿರುತ್ತದೆ. ನಮ್ಮ ತೋಟದ ತಡಬೆಯೇ ಅನ್ನು. ಗೇಟಾದರೆ, ಮುಚ್ಚಿದ್ದನ್ನು ಮುಚ್ಚು, ತೆರೆದಿದ್ದನ್ನು ಹಾಗೇ ಬಿಡು. ಒಳ್ಳೆಯದಾಗಲೆಂದು ತೆರೆದ ಗೇಟು ಮುಚ್ಚಿದರೆ ಆಚೆಯ ಕುರಿಗಳಿಗೆ ನೀರು ತಪ್ಪೀತು. ಕರುವಿರುವ ಹಸುಗಳ ಮಧ್ಯೆ ಹೋಗಬೇಡ, ಬಳಸಿ ಹೋಗು. ಗೋಮಾತೆಯ ಸಲುಗೆ ಅಲ್ಲಿ ನಡೆಯುವುದಿಲ್ಲ.

ಬೆಟ್ಟಗಳ ಎತ್ತರ ಕೇಳಿ ನೀನು ನಗಬಹುದು. ಲಾಂಗ್ ಮಿಂಡ್ 516 ಮೀಟರ್, ಸ್ಟೈಪರ್‌ಸ್ಟೋನ್ಸ್ 536. ಮುಳ್ಳಯ್ಯನಗಿರಿ ಹತ್ತಿದವಳಿಗೆ ಅದು ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ 1865ರ ಜನವರಿಯಲ್ಲಿ ನಡೆದದ್ದು ಕೇಳು. ಡೊನಾಲ್ಡ್ ಕಾರ್ ಎಂಬ ಪಾದ್ರಿ ಭಾನುವಾರದ ಪ್ರಾರ್ಥನೆ ನಡೆಸಲು ಲಾಂಗ್ ಮಿಂಡ್ ದಾಟಿ ಆಚೆಯ ಹಳ್ಳಿಗೆ ಹೋಗುತ್ತಿದ್ದವರು. ಆ ಹಳ್ಳಿಯನ್ನು ಬರೆಯುವುದು ರಾಟ್ಲಿಂಗ್‌ಹೋಪ್ ಎಂದು, ಊರಿನವರ ಬಾಯಲ್ಲಿ ಅದು ರಾಚಪ್! ಕಣ್ಣು ಕಟ್ಟಿ ಬಿಟ್ಟರೂ ತಪ್ಪದ ದಾರಿ ಅವರಿಗೆ. ಆ ದಿನ ಹಿಂತಿರುಗುವಾಗ ಹಿಮಗಾಳಿ ಎದ್ದಿತು. ಇಡೀ ರಾತ್ರಿ, ಮರುದಿನವೂ ಬಹಳ ಹೊತ್ತು, ಬೀಳುತ್ತಾ ಏಳುತ್ತಾ ಅಲೆದು ಹೇಗೋ ಕಾರ್ಡಿಂಗ್ ಮಿಲ್ ಕಣಿವೆಗೆ ಇಳಿದು ಬದುಕಿಕೊಂಡರು. ಆಮೇಲೆ ಆ ರಾತ್ರಿಯ ಬಗ್ಗೆ ಪುಟ್ಟ ಪುಸ್ತಕವನ್ನೂ ಬರೆದರು. ಚರ್ಚ್ ಸ್ಟ್ರೆಟನ್ನಿನಲ್ಲಿ ರೈಲಿಳಿದು ನೀನು ಮೊದಲು ಹತ್ತುವುದೇ ಆ ಕಣಿವೆಯಿಂದ. ಆಗಸ್ಟಿನಲ್ಲಿ ಹಿಮವಿಲ್ಲ, ಆದರೆ ಮಂಜು ಕವಿಯಲು ಹತ್ತು ನಿಮಿಷ ಸಾಕು. ಮೇಲೆ ಮರವಿಲ್ಲ, ಮನೆಯಿಲ್ಲ, ನೋಡಿದಲ್ಲೆಲ್ಲ ಒಂದೇ ಥರದ ಹೀದರ್ ಪೊದೆ. ಫೋನನ್ನೇ ನಂಬಬೇಡ. ಆರ್ಡ್ನನ್ಸ್ ಸರ್ವೆಯ ಕಿತ್ತಳೆ ಹೊದಿಕೆಯ ನಕ್ಷೆ ಕೊಂಡುಕೋ, ಅದರಲ್ಲಿ ನಾಲ್ಕು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ತಿರುಗಿ ಬರಬೇಕೆನಿಸಿದರೆ ತಿರುಗಿ ಬಾ. ಹೋಟೆಲಿಗೆ ಕಟ್ಟಿದ ದುಡ್ಡು ಹೋದರೆ ಹೋಗಲಿ, ನಾನು ಕೊಡುತ್ತೇನೆ.

ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ಎಂದು ಬರೆದಿದ್ದೀಯ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನವರು 1892ರಲ್ಲೇ ಒಂದು ಲೆಕ್ಕ ಹಾಕಿಟ್ಟಿದ್ದಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಏರಿದ ಪ್ರತಿ ಆರುನೂರು ಮೀಟರಿಗೆ ಇನ್ನೊಂದು. ಅದರಲ್ಲಿ ಊಟ, ಫೋಟೊ, ಬೂಟಿನೊಳಗಿನ ಕಲ್ಲು ಯಾವುದೂ ಸೇರಿಲ್ಲ. ಸ್ಟೈಪರ್‌ಸ್ಟೋನ್ಸ್ ನೆತ್ತಿಯ ಮೇಲಂತೂ ಆ ಲೆಕ್ಕ ಕೈಕೊಡುತ್ತದೆ. ಹಿಮಯುಗದ ಚಳಿಗೆ ಒಡೆದು ಹರಡಿದ ಸ್ಫಟಿಕಶಿಲೆಯ ಚೂರುಗಳ ಮೇಲೆ ಕೋಳಿಯ ಹಾಗೆ ಹೆಜ್ಜೆ ಆಯ್ದು ಆಯ್ದು ಇಡಬೇಕು. ಅಲ್ಲಿನ ದೊಡ್ಡ ಬಂಡೆಗೆ ಸೈತಾನನ ಕುರ್ಚಿ ಎಂದು ಹೆಸರು. ಮೋಡ ಕವಿದರೆ ಯಜಮಾನರು ಬಂದು ಕೂತಿದ್ದಾರೆ ಎನ್ನುತ್ತಾರೆ. ಹದಿನೈದು ಕಿಲೋಮೀಟರಿಗೆ ಇಳಿಸು. ಉಳಿದ ಹೊತ್ತು ಯಾವುದಾದರೂ ಚರ್ಚಿನ ಬೆಂಚಿನ ಮೇಲೆ ಕೂರು.

ಊಟ: ಹಳ್ಳಿಯ ಪಬ್ಬುಗಳಲ್ಲಿ ಮಧ್ಯಾಹ್ನ ಕಳೆದರೆ ಅಡುಗೆಮನೆ ಮುಚ್ಚುವುದೇ ಹೆಚ್ಚು. ಚೀಲದಲ್ಲಿ ಚಪಾತಿ, ಚಟ್ನಿಪುಡಿ ಇರಲಿ. ಮೊಟ್ಟೆಯೂ ಬೇಡವೆಂದು ತಂಗುವ ಮನೆಯವರಿಗೆ ಹಿಂದಿನ ದಿನವೇ ಹೇಳಿಬಿಡು, ಸಂಕೋಚ ಬೇಡ. ಹೊಸ ಬೂಟು ಹಾಕಿಕೊಂಡು ಹೋಗಬೇಡ, ಅಷ್ಟೇ.

ಆಗಸ್ಟಿನ ಹೊತ್ತಿಗೆ ಬೆಟ್ಟವೆಲ್ಲ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಪೊದೆಗಳ ಸಂದಿಯಲ್ಲಿ ಬಟಾಣಿಯಷ್ಟು ದಪ್ಪದ ಕಪ್ಪು ಹಣ್ಣು. ಅಂಗಡಿಯವರು ಬಿಲ್‌ಬೆರಿ ಎನ್ನುವುದನ್ನು ಆ ಸೀಮೆಯವರು ವಿನ್‌ಬೆರಿ ಎನ್ನುತ್ತಾರೆ. ಗುರುತು ಹಿಡಿಯುವುದನ್ನು ಅಲ್ಲಿಯವರನ್ನೇ ಕೇಳಿ ತಿಳಿದುಕೊಂಡು ತಿನ್ನು. ನಮ್ಮ ನೇರಳೆ ಹಣ್ಣಿನ ಹಾಗೇ ಬಾಯೆಲ್ಲ ಬಣ್ಣ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡ. ನಾನು ಹಾಕಿಕೊಂಡು ಹೋಗಿದ್ದು ಇನ್ನೂ ಬೀರುವಿನಲ್ಲೇ ಇದೆ.